ಅಪ್ಪಣೆಯಿಲ್ಲದೆ ಹಾಕಿದ ಇಂಜೆಕ್ಷನ್

ದೇವದುರ್ಗದ ಆಂಬುಲೆನ್ಸಿಗೆ ನಾನು ನರ್ಸಾಗಿ ಸೇರಿದಾಗ ಅದರ ಡ್ರೈವರ್ ಪೋತ್ನಾಳದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ನನ್ನ ಬಾಯಿ ಸ್ವಲ್ಪ ಜೋರು. ಅದಕ್ಕೂ ಮುಂಚೆ ಬೇರೆ ಗಾಡಿಗಳಲ್ಲಿ ಯಾವ ಡ್ರೈವರೂ ನನ್ನೊಡನೆ ಎರಡು ತಿಂಗಳು ಏಗಿರಲಿಲ್ಲ. ಅಣ್ಣ ಆರು ವರ್ಷ ಏಗಿದರು. ಈಗಲೂ ಗಾಡಿಯ ಬಾಗಿಲು ತೆಗೆದರೆ ಅವರ ಎಲೆಅಡಿಕೆಯ ವಾಸನೆಗಾಗಿ ನನ್ನ ಮೂಗು ಒಂದು ಗಳಿಗೆ ಹುಡುಕುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಅಡ್ರಿನಾಲಿನ್ ಎಂಬ ಔಷಧ ಇರುತ್ತಿತ್ತು. ಜೇನು ಕಚ್ಚಿಯೋ, ಯಾವುದೋ ಮಾತ್ರೆ ಮೈಗಾಗದೆಯೋ ಗಂಟಲು ಊದಿ ಉಸಿರು ಕಟ್ಟಿದವರ ತೊಡೆಗೆ ಅದನ್ನು ಕೊಟ್ಟರೆ ಹೋಗುವ ಜೀವ ತಿರುಗಿ ಬರುತ್ತದೆ. ಆದರೆ ಫೋನಿನಲ್ಲಿ ಡಾಕ್ಟರು ಹೂಂ ಎನ್ನುವವರೆಗೆ ನಾವು ಅದನ್ನು ಮುಟ್ಟುವಂತಿರಲಿಲ್ಲ. ರಾಯಚೂರಿನ ದಾರಿಯಲ್ಲೋ, ಫೋನು ಬಹಳ ಕಡೆ ಸತ್ತೇ ಇರುತ್ತಿತ್ತು. ಎಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ಅಣ್ಣನಿಗೆ ಬಾಯಿಪಾಠ. ಗಬ್ಬೂರಿಗೆ ಮೊದಲು ಒಂದು ಕಾಲುವೆ ಸೇತುವೆ ಬರುತ್ತದೆ; ರೋಗಿಗೆ ಹೆಚ್ಚು ಕಡಿಮೆ ಇದ್ದರೆ ನಾನು ಹೇಳುವ ಮೊದಲೇ ಅಲ್ಲಿ ನಿಲ್ಲಿಸುತ್ತಿದ್ದರು. ನಾನು ಸೇತುವೆಯ ಕಟ್ಟೆ ಹತ್ತಿ ನಿಂತು ಫೋನಿನಲ್ಲಿ ಕೂಗುವುದು ನೋಡಿ, ಹೊಲದಲ್ಲಿ ಹಕ್ಕಿ ಓಡಿಸಲು ನಿಮ್ಮನ್ನೇ ಕರೆದೊಯ್ಯಬೇಕು ಎಂದು ನಗುತ್ತಿದ್ದರು. ಆಮೇಲೆ ಟ್ರಿಪ್ ಹಾಳೆಯಲ್ಲಿ ಸಮಯ ಹಾಕಿ ‘ಸೇತುವೆ, ಡಾಕ್ಟರ್ ಫೋನ್’ ಎಂದು ಬರೆಯುತ್ತಿದ್ದರು.

ಒಂದು ದಿನ ಹತ್ತಿ ಬಿಡಿಸುವ ಹೆಣ್ಣುಮಗಳೊಬ್ಬಳನ್ನು ಹೆಜ್ಜೇನು ಕಚ್ಚಿತ್ತು. ನಾವು ಹೋಗುವಷ್ಟರಲ್ಲಿ ಅವಳ ಮುಖ ಗುರುತು ಸಿಗದಂತೆ ಊದಿತ್ತು. ಗಾಡಿ ಹೊರಟು ಸ್ವಲ್ಪ ದೂರಕ್ಕೇ ಅವಳ ತುಟಿ ನೀಲಿಯಾಯಿತು. ನನ್ನ ಫೋನಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಮುಂದೆ ಕೂತಿದ್ದ ಅಣ್ಣನಿಗೆ ಆಫೀಸಿನ ಫೋನು ಕೊಟ್ಟು ನೀವಾದರೂ ನೋಡಿ ಎಂದೆ. ಅದೂ ಹತ್ತಲಿಲ್ಲ.

“ಸೇತುವಿ ತನಕ ಆಕಿ ಉಳಿಯಂಗಿಲ್ರೀ ಸಿಸ್ಟರ್,” ಎಂದರು. “ಹಾಕಿಬಿಡ್ರಿ. ಯಾರರ ಕೇಳಿದ್ರ ನಾ ಅದೀನಿ.”

ನಾನು ಹಾಕಿದೆ. ಸೇತುವೆ ಬರುವ ಹೊತ್ತಿಗೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ಅಣ್ಣ ಅಲ್ಲಿ ನಿಲ್ಲಿಸಲೇ ಇಲ್ಲ, ಸೀದಾ ರಾಯಚೂರಿನ ಆಸ್ಪತ್ರೆಗೆ ಹೊಡೆದರು. ಅವಳು ಬದುಕಿದಳು. ಬರುವಾಗ ಇಬ್ಬರೂ ಮಿರ್ಚಿ ಬಜ್ಜಿ ತಿಂದು ಚಹಾ ಕುಡಿದೆವು. ಅಷ್ಟು ಖುಷಿಯಾದ ಚಹಾ ನಾನು ಮತ್ತೆ ಕುಡಿದಿಲ್ಲ.

ತಪ್ಪಾದದ್ದು ಆಮೇಲೆ. ಸಂಜೆ ಹಾಳೆ ತುಂಬಿಸುವಾಗ ಅಣ್ಣನ ಕೈ ಆರು ವರ್ಷದ ರೂಢಿಯಂತೆ ‘ಸೇತುವೆ, ಡಾಕ್ಟರ್ ಫೋನ್’ ಎಂದು ಬರೆದುಬಿಟ್ಟಿತ್ತು. ನಾನೂ ನೋಡದೆ ಸಹಿ ಹಾಕಿದ್ದೆ. ಗಾಡಿ ಎಲ್ಲಿ ನಿಂತಿತು, ಎಲ್ಲಿ ಓಡಿತು ಎಂಬುದೆಲ್ಲ ಆಫೀಸಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸೇತುವೆಯ ಮೇಲೆ ಗಾಡಿ ನಿಂತೇ ಇರಲಿಲ್ಲ, ಡಾಕ್ಟರಿಗೆ ಫೋನೂ ಹೋಗಿರಲಿಲ್ಲ.

ವಿಚಾರಣೆಗೆ ನಮ್ಮಿಬ್ಬರನ್ನೂ ಕರೆದರು. ನನ್ನ ನೌಕರಿ ಕಾಯಂ ಆಗಲು ಇನ್ನೊಂದೇ ತಿಂಗಳಿತ್ತು. ಅಣ್ಣ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: “ಫೋನು ನನ್ನ ಕೈಯಾಗಿತ್ರೀ. ಡಾಕ್ಟರ್ ಹೂಂ ಅಂದಾರ ಅಂತ ಸಿಸ್ಟರ್‌ಗೆ ನಾನೇ ಸುಳ್ಳು ಹೇಳೀನಿ. ಅವರದೇನೂ ತಪ್ಪಿಲ್ಲ.” ಜಗತ್ತಿಗೆಲ್ಲ ಜೋರಾದ ನನ್ನ ಬಾಯಿ ಆವತ್ತು ಬಿಚ್ಚಲಿಲ್ಲ. ಅವರನ್ನು ಕೆಲಸದಿಂದ ತೆಗೆದರು. ನಾನು ಕಾಯಂ ಆದೆ.

ಅವರು ಈಗ ಪೋತ್ನಾಳದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾರೆ. ಹಬ್ಬಕ್ಕೆ ಫೋನ್ ಮಾಡುತ್ತೇನೆ. ಭತ್ತ ಹೇಗಿದೆ, ಮಳೆ ಬಂತೇ ಎಂದು ಮಾತಾಡಿ ಇಡುತ್ತೇವೆ. ಹೊಸ ಡ್ರೈವರ್ ಒಳ್ಳೆಯವನೇ. ಆದರೂ ಅವನು ಸ್ಟೀರಿಂಗ್ ಹಿಡಿದಾಗ ಇದು ಇನ್ನೊಬ್ಬರ ಜಾಗ ಎಂದು ನನಗೆ ಅನಿಸುತ್ತಲೇ ಇರುತ್ತದೆ. ಅಣ್ಣ ಬೇಕು ಅನಿಸುತ್ತದೆ, ಅಷ್ಟೇ.

ಹೋದ ತಿಂಗಳು ರಾಯಚೂರಿನಲ್ಲಿ ನಮಗೆ ತರಬೇತಿಯಿತ್ತು. ಪೆನ್ನಿನಂಥದ್ದೊಂದು ಇಂಜೆಕ್ಷನ್ ತೋರಿಸಿದರು. ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿದರೆ ಸಾಕು, ಅಳತೆಯ ಅಡ್ರಿನಾಲಿನ್ ತಾನೇ ಒಳಗೆ ಹೋಗುತ್ತದಂತೆ. ಇನ್ನು ಮುಂದೆ ಡಾಕ್ಟರ ಅಪ್ಪಣೆಗೆ ಕಾಯಬೇಕಿಲ್ಲ. ಮೊದಲು ಕೊಡಿ, ಆಮೇಲೆ ತಿಳಿಸಿ ಎಂದು ನಮ್ಮ ಆಫೀಸಿನ ಸಾಹೇಬರು ಹೊಸ ನಿಯಮ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ನಾನು ಎದ್ದು ನಿಂತೆ. ಅವತ್ತು ಅಪ್ಪಣೆಯಿಲ್ಲ ಎಂದು ಗೊತ್ತಿದ್ದೇ ಹಾಕಿದವಳು ನಾನು, ಅಣ್ಣ ನನ್ನನ್ನು ಉಳಿಸಲು ಸುಳ್ಳು ಹೇಳಿದರು ಎಂದು ಎಲ್ಲರ ಮುಂದೆ ಹೇಳಿದೆ. ಈಗ ಅದು ತಪ್ಪಲ್ಲ ಅಂದಮೇಲೆ ಅವರನ್ನು ವಾಪಸ್ ಕರೆಯಿರಿ ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಸ ನಿಯಮ ಹೊರಟ ದಿನದಿಂದ ಮಾತ್ರ ಲಾಗೂ ಆಗುತ್ತದಮ್ಮ ಎಂದು ಮೆತ್ತಗೆ ಹೇಳಿದರು.

ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವತ್ತು ಯಾಕೆ ಸುಮ್ಮನೆ ಕೂತೆ ಎಂದು ಈಗಲಾದರೂ ಅವರು ಬೈಯಲಿ ಎಂದು ಕಾದೆ.

“ಯಾಕ ಹೇಳಾಕ ಹೋದ್ರೀ ಸಿಸ್ಟರ್,” ಎಂದರು, ನಿಜವಾಗಿಯೂ ಸಿಟ್ಟಾಗಿ. “ನಿಮ್ಮ ನೌಕರಿಗೇನರ ಆದ್ರ?”