ಪಕ್ಕದ ಮನೆಯಲ್ಲಿ ಚಾಲೂ ಆದ ರೈಲು ಪಾಸು

ಮನುಷ್ಯನ ಸ್ವಾತಂತ್ರ್ಯವೆಲ್ಲ ಅಡಗಿರುವುದು ಅವನ ಆಯ್ಕೆಯಲ್ಲಿ ಎಂದು ತಿಳಿದವರು ಹೇಳುತ್ತಾರೆ. ಹೇಳಿದವರು ಯಾರೂ ಪರದೇಶದ ರೈಲು ಪಾಸು ಕೊಳ್ಳಲು ಕೂತವರಲ್ಲ.

ನಾನು ಕೂತೆ. ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕನ್ನಡಕ ಒರೆಸಿಕೊಳ್ಳುತ್ತ, ಬೇಸಿಗೆಯ ಬಹುಭಾಗ ಕೂತೆ. ಚಾಲೂ ಮಾಡಿದ ದಿನದಿಂದ ಎಡೆಬಿಡದೆ ನಡೆಯುವ ಪಾಸು, ಬೇಕಾದ ದಿನ ಮಾತ್ರ ಬಳಸುವ ಬಿಡಿ ದಿನಗಳ ಪಾಸು, ಅರ್ಧ ದರದ ಕಾರ್ಡು, ಒಂದು ಸೀಮೆಗೆ ಮಾತ್ರ ಸಲ್ಲುವ ಪಾಸು. ಇವುಗಳ ಪೈಕಿ ಕೆಲವು ಗುಡ್ಡದ ರೈಲಿಗೆ ನಡೆಯುತ್ತವೆ, ಕೆಲವು ಗುಡ್ಡದ ಬುಡದವರೆಗೆ ಬಂದು ಕೈಮುಗಿಯುತ್ತವೆ. ಅಕ್ಕಿಯ ಊರಿನವನು ನಾನು. ಹಳೆಯದು, ಹೊಸದು, ಸಣ್ಣದು, ದಪ್ಪದು ಎಂದು ಹಿಡಿ ಅಕ್ಕಿ ಅಂಗೈಯಲ್ಲಿಟ್ಟು ಹೇಳಬಲ್ಲೆ. ಪಾಸನ್ನು ಅಂಗೈಯಲ್ಲಿಟ್ಟು ನೋಡುವ ಹಾಗಿಲ್ಲ. ಅದು ಮೊಬೈಲಿನೊಳಗೆ ಇರುತ್ತದೆ, ಆತ್ಮದ ಹಾಗೆ.

ಈ ಇಳಿವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಾನೂ ದಿನಾ ಕೇಳಿಕೊಳ್ಳುತ್ತಿದ್ದೆ. ಕಾರಣ ನನ್ನ ಹೆಂಡತಿ ಗಿರಿಜಾಳ ಮಂಡಿ. ಹನುಮನಹಳ್ಳಿಯ ಹತ್ತಿರದ ಅಂಜನಾದ್ರಿಯನ್ನು ಶನಿವಾರ ತಪ್ಪದೆ ಹತ್ತುತ್ತಿದ್ದವಳು ಆಕೆ. ನಾನು ಕೆಳಗೆ ಕಬ್ಬಿನ ಹಾಲು ಕುಡಿಯುತ್ತ ಅವಳ ಪುಣ್ಯದಲ್ಲಿ ಪಾಲು ಪಡೆಯುತ್ತಿದ್ದೆ. ಎರಡು ವರ್ಷದಿಂದ ಅವಳೂ ಕೆಳಗೇ ಕೂರುತ್ತಾಳೆ. ಕೊಪ್ಪಳದ ವೈದ್ಯರು ಎರಡೂ ಮಂಡಿ ಬದಲಿಸಲೇಬೇಕು ಎಂದ ದಿನ, ವಾಪಸು ಬರುವಾಗ ಬಸ್ಸಿನಲ್ಲಿ ಅಂದಳು: "ಗುಡ್ಡಾ ಹತ್ತೂದು ಇನ್ನ ನನ್ನ ಕೈಲೆ ಆಗೂದಿಲ್ರಿ. ಮಂಡಿ ಕೊಯ್ಯೂದ್ರೊಳಗ, ಗುಡ್ಡಾ ಹತ್ತೂ ರೈಲಿನ್ಯಾಗ ಕಿಟಕಿ ಬಾಜೂಕ ಒಮ್ಮೆ ಕುಂದರಸ್ರಿ. ಸಾಕು." ಮದುವೆಯಾದಂದಿನಿಂದ ಆಕೆ ನನ್ನಲ್ಲಿ ಬೇಡಿದ ದೊಡ್ಡ ವಸ್ತುವೆಂದರೆ ಇದು. ಹೀಗಾಗಿ ಸ್ವಿಟ್ಜರ್ಲೆಂಡ್.

ಪಾಸಿನ ವಿಷಯದಲ್ಲಿ ನನ್ನ ಪೂರ್ವಾನುಭವ ಇಷ್ಟೇ. ಮರಳಿಯಿಂದ ಗಂಗಾವತಿಯ ಹೈಸ್ಕೂಲಿಗೆ ಬರುವಾಗ ನಮಗೆ ಬಸ್ ಪಾಸು ಇತ್ತು, ಕಂಡಕ್ಟರು ಅದನ್ನು ನೋಡುತ್ತಿರಲಿಲ್ಲ, ನಾವು "ಪಾಸ್!" ಎಂದು ಕೂಗಿದರೆ ಸಾಕಿತ್ತು. ಪಾಸು ಬಸ್ಸಿಗೆ ಹತ್ತಿಸುತ್ತಿತ್ತೇ ಹೊರತು ಕೂರಿಸುತ್ತಿರಲಿಲ್ಲ. ಕೂರಬೇಕಾದವನು ಬಸ್ಸು ನಿಲ್ಲುವ ಮೊದಲೇ ಹೊರಗಿನಿಂದ ಕಿಟಕಿಯೊಳಕ್ಕೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬನು ಕೂತ ನಿದರ್ಶನ ನಮ್ಮ ಸೀಮೆಯ ಇತಿಹಾಸದಲ್ಲಿಯೇ ಇಲ್ಲ.

ಕೊನೆಗೆ ಎಡೆಬಿಡದೆ ನಡೆಯುವ ಪಾಸನ್ನೇ ಆರಿಸಿದೆ. ಅದು ಗುಡ್ಡದ ರೈಲಿಗೂ ನಡೆಯುತ್ತಿತ್ತು. ಮಾಸ್ತರಿಕೆಯಲ್ಲಿ ಸೇವೆ ಮುರಿಯದಂತೆ ಕಾಪಾಡಿಕೊಂಡು ಬಂದವನಿಗೆ ಅಖಂಡತೆಯ ಮೇಲೆ ಸಹಜವಾಗಿಯೇ ಮೋಹ. ಆಯ್ಕೆ ನಿರ್ದೋಷವಾಗಿತ್ತು. ದೋಷವಿದ್ದದ್ದು ವಿಮಾನದ ದಿನದಲ್ಲಿ. ಅದು ಅಮಾವಾಸ್ಯೆಗೆ ಬಿದ್ದಿತ್ತು.

"ಅಮಾಸಿ ದಿನ ಯಾರರ ಹೊಸ್ತಿಲಾ ದಾಟ್ತಾರೇನ್ರಿ?" ಎಂದಳು ಗಿರಿಜಾ. ವಿಮಾನದವರು ಪಂಚಾಂಗ ನೋಡುವುದಿಲ್ಲ ಎಂದೆ. ಆಕೆ ಧೃತಿಗೆಡಲಿಲ್ಲ. ನಮ್ಮಲ್ಲಿ ಇದಕ್ಕೆಂದೇ ಪ್ರಸ್ಥಾನ ಇಡುವ ಪದ್ಧತಿಯಿದೆ: ಹೊರಡುವ ದಿನ ಚೆನ್ನಾಗಿರದಿದ್ದರೆ, ಅದಕ್ಕೆ ಮುಂಚಿನ ಒಂದು ಶುಭಗಳಿಗೆಯಲ್ಲಿ ಪ್ರಯಾಣದ ಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟಿತೆಂದರೆ ನಾವೂ ಹೊರಟಂತೆ. ಆಮೇಲೆ ದೇಹ ಯಾವಾಗ ಹೋದರೂ ಗ್ರಹಗಳ ತಕರಾರಿಲ್ಲ.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಶಾಂತಕ್ಕನ ಪಡಸಾಲೆಯಲ್ಲಿ ಚೀಲವಿಟ್ಟು ಕುಂಕುಮ ಹಚ್ಚಿದೆವು. ಗಿರಿಜಾಳ ಗಮನ ನನ್ನ ಮೊಬೈಲಿನ ಕಡೆ ಹರಿಯಿತು. "ಅರಿವಿ ಚೀಲಾ ಇಟ್ರ ಮುಗೀತೇನ್ರಿ? ಮುಖ್ಯ ಪಾಸಲ್ಲೇನು? ಅದನ್ನೂ ಇದ ಗಳಿಗ್ಯಾಗ ಚಾಲೂ ಮಾಡ್ರಿ." ಮಾತು ಯುಕ್ತವಾಗಿತ್ತು. ಪಾಸು ತೆರೆದೆ. ನಿಮ್ಮ ಪ್ರಯಾಣ ಇಂದೇ ಆರಂಭವಾಗುವುದೇ ಎಂದು ಅದು ಕೇಳಿತು. ಶಾಸ್ತ್ರೋಕ್ತವಾಗಿ ಆಗಲೇ ಆರಂಭವಾಗಿತ್ತಲ್ಲ. ಹೌದು ಎಂದು ಒತ್ತಿದೆ. ಖಚಿತವೇ ಎಂದು ಇನ್ನೊಮ್ಮೆ ಕೇಳಿತು. ಕುಂಕುಮದ ಬೆರಳಿನಿಂದಲೇ ಖಚಿತಪಡಿಸಿದೆ.

ಪ್ರಸ್ಥಾನದ ಚೀಲವನ್ನು ಮನೆಗೆ ತರಬಾರದು. ಬಿ.ಪಿ. ಗುಳಿಗೆ ಅದರೊಳಗೇ ಉಳಿದದ್ದರಿಂದ ಮರುದಿನ ಶಾಂತಕ್ಕನ ಮನೆಗೆ ಹೋಗಬೇಕಾಯಿತು. "ಬರ್ರಿ ಸರ್ರ," ಎಂದು ಆಕೆ ಬಾಗಿಲಲ್ಲೇ ಸ್ವಾಗತಿಸಿದಳು, "ಪರದೇಶಕ್ಕ ಹೋದಾವ್ರು ಭಾಳ ಲಗೂ ಬಂದ್ರಲ್ಲ! ಅಲ್ಲೆ ಥಂಡಿ ಹೆಂಗೈತ್ರಿ?" ನಾನು ನಗುತ್ತ ಗುಳಿಗೆ ನುಂಗಿ, ಸುಮ್ಮನೆ ಮೊಬೈಲು ತೆರೆದೆ. ಪಾಸಿನಲ್ಲಿ ಒಂದು ದಿನ ಕಡಿಮೆಯಾಗಿತ್ತು. ನಾನು ಶಾಂತಕ್ಕನ ಪಡಸಾಲೆಯಲ್ಲಿ ಕೂತಿರುವಾಗಲೇ ಅದು ಆಲ್ಪ್ಸ್ ಪರ್ವತಗಳಲ್ಲಿ ಎಡೆಬಿಡದೆ ಓಡುತ್ತಿತ್ತು.

ಪಾಸು ಮಾರಿದವರಿಗೆ ಫೋನು ಮಾಡಿದೆ. ಪ್ರಯಾಣ ಎಲ್ಲಿಂದ ಆರಂಭಿಸಿದಿರಿ ಎಂದು ಆ ಕಡೆಯ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಪಕ್ಕದ ಮನೆಯಿಂದ ಎಂದೆ. ಪ್ರಸ್ಥಾನವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟವನ ಆಯಾಸ ನಿಮ್ಮ ಊಹೆಗೆ ಬಿಟ್ಟದ್ದು. ಆರಂಭವಾದದ್ದು ನಿಲ್ಲುವುದಿಲ್ಲ ಎಂದಳು; ವೇದಾಂತಿಯೂ ಇಷ್ಟು ಚುಟುಕಾಗಿ ಹೇಳಲಾರ. ನಾವು ಅಲ್ಲಿ ಇಳಿದ ಮರುದಿನಕ್ಕೆ ಪಾಸಿನ ಆಯುಸ್ಸು ತೀರುತ್ತಿತ್ತು. ಇನ್ನೊಂದು ಕೊಳ್ಳುವ ತ್ರಾಣ ನನ್ನ ಪಿಂಚಣಿಗೆ ಇರಲಿಲ್ಲ.

ಗಿರಿಜಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಹೋಗ್ಲಿ ಬಿಡ್ರಿ. ನಾನ ಹೇಳಿ ಮಾಡ್ಸಿದ್ದು," ಎಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದಳು.

ಹೀಗಾಗಿ, ಮೊದಲೆರಡು ದಿನ ದಣಿವಾರಿಸಿಕೊಂಡು ಗುಡ್ಡಕ್ಕೆ ಹೋಗುವ ಯೋಜನೆ ಬಿದ್ದುಹೋಗಿ, ಇಳಿದ ಮರುಬೆಳಿಗ್ಗೆಯೇ ಹೊರಟೆವು. ವಿಮಾನದಲ್ಲಿ ಕೂತು ಅವಳ ಮಂಡಿ ಊದಿದ್ದವು. ಗುಡ್ಡದ ಬುಡದ ಸ್ಟೇಷನ್ನಿನಲ್ಲಿ ಲೋಕದ ಪ್ರವಾಸಿಗರೆಲ್ಲ ನೆರೆದಿದ್ದರು. ನಮ್ಮ ಪಾಸಿನಲ್ಲಿ ಹತ್ತುವ ಹಕ್ಕಿತ್ತು, ಸೀಟು ಇರಲಿಲ್ಲ. ಆಕೆ ನನ್ನ ತೋಳು ಹಿಡಿದು, "ನಿಂತ ಹೋಗೂದು ಆಗಾಂಗಿಲ್ರಿ. ನೀವ ನೋಡಿ ಬರ್ರಿ, ನಾ ಇಲ್ಲೇ ಕುಂದರತೀನಿ," ಎಂದಳು. ಅಂಜನಾದ್ರಿಯ ಬುಡದಲ್ಲಿ ಇತ್ತೀಚೆಗೆ ಹತ್ತುವವರಿಗೆಲ್ಲ ಆಡುತ್ತಿದ್ದ ಮಾತೇ.

ರೈಲು ಬಂತು. ಅದರ ಒಂದು ಕಿಟಕಿಯ ಮೇಲರ್ಧ ಇಳಿದಿತ್ತು. ನಾನು ಯೋಚಿಸಲಿಲ್ಲ, ನನ್ನ ಹೆಗಲು ಯೋಚಿಸಿತು. ಅದರ ಮೇಲಿದ್ದ ಟವೆಲ್ ಒಳಗೆ ಹೋಗಿ ಕಿಟಕಿ ಬದಿಯ ಸೀಟಿನ ಮೇಲೆ ಬಿತ್ತು. ಕೂರಲು ಬಂದ ಎತ್ತರದ ದಂಪತಿಗಳು ಅದನ್ನು ನೋಡಿದರು, ನನ್ನನ್ನು ನೋಡಿದರು, ಯಾವುದೋ ಧಾರ್ಮಿಕ ವಿಧಿಯಿರಬೇಕೆಂದು ಬಗೆದು ಗೌರವದಿಂದ ಮುಂದೆ ಸರಿದರು.

ಗಿರಿಜಾ ಕೂತಳು, ನಾನು ನಿಂತೆ. ಏರು ಬಂದಾಗಲೆಲ್ಲ ಆಕೆ ಎರಡೂ ಕೈಯಿಂದ ಮಂಡಿ ಒತ್ತಿ ಹಿಡಿದು, ತಾನೇ ಹತ್ತುತ್ತಿರುವಂತೆ ತುಸು ಮುಂದಕ್ಕೆ ಬಾಗುತ್ತಿದ್ದಳು. ಮೇಲೆ ಹಿಮ ಕಂಡಾಗ ಕೈ ಸಡಿಲಿಸಿ, "ಹತ್ತಿದ್ವಿ ನೋಡ್ರಿ," ಎಂದಳು.

ಈಗ ನಮ್ಮ ಓಣಿಯಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆ ಯಾವ ಪಾಸು ಛಲೋ ಎಂದು ನನ್ನನ್ನೇ ಕೇಳುತ್ತಾರೆ. ಯಾವುದಾದರೂ ಸರಿ, ಟವೆಲ್ ಮರೆಯಬೇಡಿ ಎನ್ನುತ್ತೇನೆ. ನಮ್ಮ ಪಾಸು ಗುಡ್ಡ ಹತ್ತಿದ ದಿನವೇ ತೀರಿತು. ಉಳಿದ ದಿನಗಳಲ್ಲಿ ನಾವು ಯಾವ ರೈಲನ್ನೂ ಹತ್ತಲಿಲ್ಲ.