ನಾನು ಕರೆಯದ ಬುರೆಕ್

ಪೋಲೆಂಡಿನಲ್ಲಿರುವ ನನ್ನ ತಮ್ಮ ಆರಿಸಿ ಕೊಟ್ಟ ಹೆಸರಿನಿಂದ ನಮ್ಮ ನಾಯಿಯನ್ನು ನಾನು ಕರೆಯಲಿಲ್ಲ. ಕರೆಯುತ್ತಿದ್ದೇನೆ ಎಂದು ಮಾತ್ರ ಎಂಟು ತಿಂಗಳು ತಪ್ಪದೆ ಹೇಳಿದೆ.

ಅವನು ಮೊದಲು ಶೃಂಗೇರಿಗೂ ಕೊಪ್ಪಕ್ಕೂ ಬಸ್ಸು ಓಡಿಸುತ್ತಿದ್ದ. ಈಗ ಪೋಲೆಂಡಿನಲ್ಲಿ ಲಾರಿ ಓಡಿಸುತ್ತಾನೆ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಕೊಪ್ಪದ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಸೀತೂರಿನ ನೆಂಟರ ಮನೆಯಿಂದ ಕಪ್ಪು ನಾಯಿಮರಿ ತಂದ ದಿನ ಅವನಿಗೆ ಫೋನಿನಲ್ಲಿ ತೋರಿಸಿದೆ.

"ಹೆಸರು ನಾನಿಡ್ತೀನಿ ಅಕ್ಕ. ಇಲ್ಲಿಯದ್ದೇ. ಅಜೋರ್ ಅಂತ ಒಂದಿದೆ, ಬುರೆಕ್ ಅಂತ ಒಂದಿದೆ."

"ಬುರೆಕ್ ಅಂದ್ರೆ ಎಂತ?"

"ಇಲ್ಲಿ ಬೀದಿ ನಾಯಿಗೆಲ್ಲ ಅದೇ ಹೆಸರು. ನಮ್ಮಲ್ಲಿ ಕರಿಯ ಅಂದ ಹಾಗೆ."

"ಹಾಗಾದ್ರೆ ಕರಿಯ ಅಂತಲೇ ಇಡುವ ಮಾರಾಯ. ಅಷ್ಟು ದೂರದಿಂದ ಎಂತಕ್ಕೆ ತರಿಸೋದು?"

ಅವನು ನಗಲಿಲ್ಲ. "ಇಲ್ಲಿ ಮನೆ ಓನರಜ್ಜಿ ನಾಯಿ ಬುರೆಕ್. ಕೆಲಸ ಮುಗಿಸಿ ಬಂದ್ರೆ ನನ್ನ ನೋಡಿ ಗೇಟಿಗೆ ಓಡಿ ಬರ್ತಿದ್ದಿದ್ದು ಅದೊಂದೇ. ಹೋದ ವಾರ ಸತ್ತೋಯ್ತು. ನಾನು ಊರಿಗೆ ಬಂದು ಆ ಹೆಸರು ಕರೆದ್ರೆ ಒಂದು ನಾಯಿ ಬರ್ಬೇಕು. ಅಷ್ಟೇ."

ಅಷ್ಟೇ. ಅಂಗಿಗೆ ಒಂದು ಗುಂಡಿ ಹೊಲಿಯುವಷ್ಟು ಸಣ್ಣ ಕೆಲಸ.

ಮಾರನೆಯ ಬೆಳಿಗ್ಗೆ ಜಗುಲಿಯಲ್ಲಿ ನಿಂತು "ಬುರೆಕ್" ಎಂದೆ. ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ಅತ್ತೆ ಕೇಳಿಸಿಕೊಂಡರು. "ಎಂತದೇ ಅದು? ನಿನ್ನ ನಾಯಿಗೂ ವೀಸಾ ಬಂತಾ?" ಎಂದು ಬಿದ್ದು ಬಿದ್ದು ನಕ್ಕರು. ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಓದಲು ನಿಂತಾಗ ಕೇಳಿದ್ದ ನಗುವೂ ಇಂಥದ್ದೇ. ಆ ಹೆಸರು ಮತ್ತೆ ಬಾಯಿಗೆ ಬರಲಿಲ್ಲ. ಅನ್ನ ಹಾಕುವಾಗ, ಬೈಯುವಾಗ, ಮುದ್ದು ಮಾಡುವಾಗ ಎಲ್ಲಕ್ಕೂ ಅದು ಕರಿಯ.

ಭಾನುವಾರ ತಮ್ಮನ ವಿಡಿಯೋ ಕಾಲ್. ಆ ಹೊತ್ತಿಗೆ ಒಂದು ಕೈಯಲ್ಲಿ ಫೋನ್ ಹಿಡಿದು ಸಣ್ಣ ದನಿಯಲ್ಲಿ "ಬುರೆಕ್" ಎನ್ನುತ್ತಿದ್ದೆ. ಫೋನಿಗೆ ಕಾಣದ ಹಾಗೆ ಇನ್ನೊಂದು ಕೈ ಬಿಸ್ಕತ್ ಡಬ್ಬಿ ಅಲ್ಲಾಡಿಸುತ್ತಿತ್ತು. ನಾಯಿ ಹಾರಿ ಬರುತ್ತಿತ್ತು.

"ಎಷ್ಟು ಚುರುಕು ಅಕ್ಕ! ಅಜ್ಜಿಗೆ ತೋರಿಸಿದೆ, ಕಣ್ಣೀರು ಹಾಕಿದ್ರು."

ಪೋಲೆಂಡಿನ ಅಜ್ಜಿಯನ್ನೂ ಅಳಿಸಿದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಬಿಸ್ಕತ್ ಬೇಗ ಖಾಲಿಯಾಗತೊಡಗಿತು.

ಅವನು ರಜೆಯಲ್ಲಿ ಬಂದ. ಬ್ಯಾಗು ಹೆಗಲಿನಿಂದ ಇಳಿಸದೆಯೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕರೆದ. ನಾಯಿ ಹೊಲಿಗೆ ಮಿಷನ್ನಿನ ಅಡಿಯಿಂದ ಅವನಿಗೆ ಬೊಗಳಿತು. ಮತ್ತೆ ಕರೆದ. ಮತ್ತೂ ಬೊಗಳಿತು. ಹೊಸಬರಲ್ಲವಾ, ಅದಕ್ಕೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬೇಲಿಯ ಆಚೆಯಿಂದ ಕೂಗಿದರು. "ಕರಿಯಾ ಅನ್ನು ಮಾರಾಯ, ಬರ್ತದೆ."

ಅವನು ಹಾಗೇ ಕರೆದ. ಅದು ಬಾಲ ಅಲ್ಲಾಡಿಸುತ್ತಾ ಬಂತು. ಅವನು ತಲೆ ಸವರಿದ, ನನ್ನ ಕಡೆ ನೋಡಲಿಲ್ಲ. "ನಾಯಿನ ಚೆನ್ನಾಗಿ ಸಾಕಿದ್ದೀಯ ಅಕ್ಕ" ಎಂದ.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಎರಡು ದಿನ ಅವನೂ ಕರಿಯ ಎಂದೇ ಕರೆದು ಅನ್ನ ಹಾಕಿದ. ಮೂರನೆಯ ಬೆಳಿಗ್ಗೆ ಅವನಿಗೆ ದೋಸೆ ಹಾಕುತ್ತಿದ್ದವಳು ಒಲೆ ಆರಿಸಿ ಅವನ ಎದುರು ಬಂದು ಕುಳಿತೆ.

"ಜನ ನಗ್ತಾರೆ ಅಂತ ಕರೀಲಿಲ್ಲ ಮಾರಾಯ. ಆಮೇಲೆ ಬಿಸ್ಕತ್ ಡಬ್ಬಿ ಅಲ್ಲಾಡಿಸಿ ನಿಂಗೆ ಸುಳ್ಳು ತೋರಿಸ್ದೆ. ನೀನು ಕೇಳಿದ್ದು ಅದೊಂದೇ ಆಗಿತ್ತು. ನಂದು ತಪ್ಪಾಯ್ತು."