ಹತ್ತದ ಒಲೆಯ ಸಾರು

ಅಲ್ಲಾಳಸಂದ್ರದ ಒಂದು ಕಲ್ಯಾಣ ಮಂಟಪಕ್ಕೆ ನಾನು ಬ್ಲಾಗು ಬರೆಯುತ್ತಿದ್ದೆ. ಈ ವಾಕ್ಯವನ್ನು ನಮ್ಮ ತಂದೆಯವರು ಓದಿದ್ದರೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದುತ್ತಿದ್ದರು. ಹೆಬ್ಬಾಳದಿಂದಾಚೆ ಏರ್‌ಪೋರ್ಟ್ ರಸ್ತೆಯ ನಡುವೆ ಮೇಲ್ಸೇತುವೆಯ ಕಂಬಗಳನ್ನು ಎಬ್ಬಿಸುತ್ತಿದ್ದ ವರ್ಷಗಳವು. ಮದುವೆಗೆ ಬಂದವರು ಮುಖಕ್ಕೆ ಮೊದಲೇ ಧೂಳಿನ ಅಕ್ಷತೆ ಹಾಕಿಸಿಕೊಂಡು ಬರುತ್ತಿದ್ದರು.

ನಾನು ಯಶವಂತಪುರದ ಪ್ರೆಸ್ಸೊಂದರಲ್ಲಿ ತಲೆ ನರೆಯುವವರೆಗೆ ಲಗ್ನಪತ್ರಿಕೆಗಳ ಕರಡು ತಿದ್ದಿದವನು. ಮಂಟಪದ ಯಜಮಾನರು ಅಲ್ಲಿಗೆ ಬಂದುಹೋಗಿ ಪರಿಚಯ. ಅವರದು ಅಲ್ಲಾಳಸಂದ್ರದ್ದೇ ಹಳೇ ಮನೆತನ. ಮಂಟಪ ಇರುವ ಜಾಗದಲ್ಲಿ ಮೊದಲು ರಾಗಿ ಬೆಳೆಯುತ್ತಿದ್ದರು, ಈಗ ಮದುವೆ ಬೆಳೆಯುತ್ತಿದ್ದರು. ಕನ್ನಡಕ ಹಾಕಿಕೊಂಡು ಕನ್ನಡ ಬರೆಯುವವರೆಲ್ಲ ಅವರಿಗೆ ಮೇಷ್ಟ್ರೇ.

"ಮೇಷ್ಟ್ರೇ, ನಿಮ್ ಭಾಷೆ ದೇವಸ್ಥಾನದ ಗಂಟೆ ಇದ್ದಂಗೈತೆ. ನಮ್ ಮಂಟಪಕ್ಕೂ ಒಸಿ ಬಾರಿಸಿ" ಎಂದರು.

ಬಾರಿಸಿದೆ. ಪ್ರತಿ ಮದುವೆಯ ಹಿಂದಿನ ದಿನ ಒಂದು ಪ್ರಕಟಣೆ, ಮರುದಿನ ಒಂದು ವರದಿ. 'ಚಿರಂಜೀವಿ ವರನು ಚಿನ್ನದ ಬಾಸಿಂಗದಲ್ಲಿ ಬೆವರುತ್ತಾ ಶೋಭಿಸಿದನು' ಎಂಬ ಮಾದರಿಯದು. ಓದುಗರು ಮೂವರು. ನಾನು, ಯಜಮಾನರು, ಮತ್ತು ಬ್ಲಾಗು ತೆರೆದುಕೊಟ್ಟ ಅವರ ಅಕ್ಕನ ಮಗ. ಆತ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಸಾವಿನ ಸುದ್ದಿ ತಿಳಿಸುವವನ ಮೆಲುದನಿಯಲ್ಲಿ, "ನಿಮ್ಮನ್ನ ಯಾರೂ ಓದ್ತಿಲ್ಲ ಸರ್" ಎಂದ.

ಅದಾದ ಮುಂದಿನ ಮದುವೆಯ ವರದಿಗೆ ಮೊಟ್ಟಮೊದಲ ಕಾಮೆಂಟು ಬಂತು. ಬರೆದವರು 'ನೊಂದ ಅತಿಥಿ'. ಸಾರಿಗೆ ಉಪ್ಪು ವಿಪರೀತ, ಪಲ್ಯ ಬೆಂದಿರಲಿಲ್ಲ, ಮನಸ್ಸಿಗೆ ಘಾಸಿಯಾಯಿತು. ಯಜಮಾನರು ಗಾಬರಿಯಾಗಿ, ಏನಾದರೂ ಮಾಡಿ ಮೇಷ್ಟ್ರೇ ಎಂದರು. ನಾನು ಉತ್ತರ ಬರೆದೆ: 'ಮಾನ್ಯರೇ, ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಅಡುಗೆಯವರನ್ನು ಕರೆಸಿ ಛೀಮಾರಿ ಹಾಕಲಾಗಿದೆ.'

ಆ 'ಛೀಮಾರಿ' ಕೆಲಸ ಮಾಡಿತು. ಅದುವರೆಗೆ ನನ್ನ ಯಾವ ಉಪಮೆಯೂ ಮಾಡದ ಕೆಲಸ. ವಾರದೊಳಗೆ ಜನ ಬಂದು ಕೇಳತೊಡಗಿದರು: 'ಬರೀ ಛೀಮಾರಿಯಾ?' 'ಚಿರೋಟಿಗೂ ಛೀಮಾರಿ ಹಾಕಿ, ಎಣ್ಣೆ ಸೋರ್ತಿತ್ತು.' ಪ್ರತಿ ದೂರಿನ ಕೆಳಗೂ ನಾನು ಅದೇ ಛೀಮಾರಿಯ ಉತ್ತರ ಬರೆಯುತ್ತಾ ಹೋದೆ. ಊಟವನ್ನು ಹೊಗಳಿದರೆ ಓದುಗನ ಹೊಟ್ಟೆ ತುಂಬುವುದಿಲ್ಲ. ಇನ್ನೊಬ್ಬನ ಎಲೆಗೆ ಬೈಗುಳ ಬಡಿಸಿದರೆ ತುಂಬಿ ತೇಗು ಬರುತ್ತದೆ. ಮುಂದಿನ ಮಾಘದವರೆಗೆ ಮಂಟಪ ಖಾಲಿ ಇಲ್ಲದಂತಾಯಿತು. ನಮ್ಮ ಮದುವೆಯೂ ಬ್ಲಾಗಿನಲ್ಲಿ ಬರುತ್ತಲ್ಲವೇ ಎಂದು ಕೇಳಿಕೊಂಡೇ ಬುಕ್ ಮಾಡುತ್ತಿದ್ದರು. ಜಕ್ಕೂರು ಕಡೆಯ ಇನ್ನೊಂದು ಮಂಟಪದವರೂ ಬ್ಲಾಗು ತೆರೆದರು. ಅವರಲ್ಲಿ ಬೈಸಿಕೊಳ್ಳಲು ಯಾರನ್ನೂ ನೇಮಿಸಿರಲಿಲ್ಲವಾಗಿ ಅದು ಮುಚ್ಚಿಹೋಯಿತು.

ನಮ್ಮಲ್ಲಿ ಆ ಹುದ್ದೆಯಲ್ಲಿದ್ದವರು ಅಡುಗೆ ಭಟ್ಟರು. ಮಂಟಪದ ಮೊದಲ ಮದುವೆಯಿಂದಲೂ ಅಲ್ಲಿನ ಒಲೆ ಅವರದೇ. ಹತ್ತಿರದ ಸಿಂಗಾಪುರವೆಂಬ ಹಳ್ಳಿಯ ಬಾಡಿಗೆ ಮನೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನೈವೇದ್ಯಕ್ಕೆ ಮೊದಲು ಅಡುಗೆಯನ್ನು ನಾಲಿಗೆಗೆ ತಾಗಿಸಬಾರದೆಂಬ ಪೈಕಿ. ಕೊಳದಪ್ಪಲೆಯ ಮೇಲೆ ಬಾಗಿ, ಹಬೆ ಮೂಸಿ, ಉಪ್ಪು ಸಾಲದು ಎಂದೋ ಸಾಕು ಎಂದೋ ಹೇಳುವವರು. ಒಬ್ಬಳೇ ಮಗಳು. ಅವಳ ಮದುವೆ ಇದೇ ಮಂಟಪದಲ್ಲಾಗಬೇಕು, ವರಪೂಜೆಯ ಊಟ ತಾವೇ ಮಾಡಬೇಕು ಎಂಬುದೊಂದೇ ಅವರ ಆಸೆ. "ಊರವರ ಮಕ್ಕಳಿಗೆಲ್ಲ ಬೇಯಿಸಿ ಹಾಕಿದೀನಿ ಸ್ವಾಮಿ. ಬೆಳಿಗ್ಗೆ ಹೇಗೂ ಧಾರೆಗೆ ಕೂತ್ಕೋಬೇಕು. ಹಿಂದಿನ ದಿನದ್ದು ಮಾತ್ರ ನನ್ನ ಕೈಯಲ್ಲೇ ಆಗ್ಬೇಕು" ಎನ್ನುತ್ತಿದ್ದರು. ಯಜಮಾನರು ಒಪ್ಪಿದ್ದರು.

ಬ್ಲಾಗು ಏಳಿಗೆಗೆ ಬಂದಮೇಲೆ ಬೆಳಗಿನ ಕಾಫಿಯ ಹೊತ್ತಿಗೆ ಕಾಮೆಂಟು ಪಾರಾಯಣ ಶುರುವಾಯಿತು. ತರಕಾರಿ ಹೆಚ್ಚುವ ಮಣೆಯ ಪಕ್ಕ ಲ್ಯಾಪ್‌ಟಾಪು. ಕಂಠ ಚೆನ್ನಾಗಿದೆಯೆಂದು ಓದುವ ಹೊಣೆ ನನ್ನದು. ಯಜಮಾನರು ಕುರ್ಚಿಯಲ್ಲಿ, ಭಟ್ಟರು ಹೆಗಲ ಮೇಲಿನ ಪಾಣಿಪಂಚೆ ಕೈಗೆ ತೆಗೆದುಕೊಂಡು ನಿಂತು. 'ಈ ಭಟ್ಟ ಹಿಂದಿನ ಜನ್ಮದಲ್ಲಿ ಸಮುದ್ರವಾಗಿದ್ದನೇ?' ಎಂದು ನಾನು ಓದಿದರೆ ಪಾತ್ರೆ ತೊಳೆಯುವವರೂ ನಗುತ್ತಿದ್ದರು. ಓದಿದ್ದು ಚೆನ್ನಾಗಿತ್ತು ಎಂದು ನನಗೆ ಇನ್ನೊಂದು ಲೋಟ ಕಾಫಿ ಸಿಗುತ್ತಿತ್ತು.

ಮೊದಮೊದಲು ಭಟ್ಟರು ಸಿಟ್ಟಾದರು. "ಯಾರ್ ಸ್ವಾಮಿ ಅವ್ನು? ಬಂದು ಎದುರಿಗೆ ಹೇಳ್ಲಿ!" ಆಮೇಲೆ, ಹಬೆ ಮೂಸುವುದನ್ನು ಬಿಟ್ಟರು. ಸಾರು ಕುದಿಯುವಾಗ ಎಲೆಕ್ಟ್ರಿಷಿಯನ್ನನ್ನು, ಓಲಗದವರನ್ನು, ಕಸ ಗುಡಿಸುವಾಕೆಯನ್ನು ಕರೆದು ಅಂಗೈಗೆ ಸೌಟಿನಿಂದ ಬಿಟ್ಟು "ಹೇಗಿದೆ ನೋಡಿ" ಎನ್ನತೊಡಗಿದರು. ಒಬ್ಬರು ಹುಳಿ ಎಂದರೆ ನೀರು, ಇನ್ನೊಬ್ಬರು ಸಪ್ಪೆ ಎಂದರೆ ಉಪ್ಪು. ಹೀಗೆ ಸರ್ವಾನುಮತದಿಂದ ತಯಾರಾದ ಸಾರು ಯಾರಿಗೂ ಬೇಡವಾಗಿರುತ್ತಿತ್ತು. ಈಗ ಕಾಮೆಂಟುಗಳು ನಿಜವಾಗತೊಡಗಿದವು.

ಅಷ್ಟರಲ್ಲಿ ಮಗಳಿಗೆ ಆರ್.ಟಿ. ನಗರದ ಸಂಬಂಧ ಕೂಡಿಬಂತು. ಮುಹೂರ್ತವೂ ಗೊತ್ತಾಯಿತು. ಬೀಗರು ಸಜ್ಜನರು, ವಿದ್ಯಾವಂತರು, ಬ್ಲಾಗಿನ ಓದುಗರು. ಹುಡುಗಿ ಒಪ್ಪಿಗೆ, ಮಂಟಪ ಒಪ್ಪಿಗೆ, ಅಡುಗೆಗೆ ಮಾತ್ರ ಬೇರೆಯವರನ್ನು ಕರೆಸಬೇಕು ಎಂದರು. ವರಪೂಜೆಗೂ ಸಹ. ಭಟ್ಟರು ನನ್ನ ಹತ್ತಿರ ಬಂದು, "ಅದರಲ್ಲಿ ಬರೆದಿರೋದನ್ನ ಒಂದಷ್ಟು ಅಳಿಸೋಕಾಗುತ್ತಾ ಸ್ವಾಮಿ? ಮದುವೆ ಮುಗಿಯೋವರೆಗಾದ್ರೂ" ಎಂದು ಕೇಳಿದರು. ಅಳಿಸುವ ಅಧಿಕಾರ ಯಜಮಾನರದು ಎಂದೆ.

ಆ ವಾರವೇ ಒಂದು ಆರತಕ್ಷತೆ ನಿಂತುಹೋಯಿತು. ಮಧ್ಯಾಹ್ನ ವರನ ಅಜ್ಜ ತೀರಿಕೊಂಡ ಸುದ್ದಿ ಬಂತು. ಸೂತಕ. ತರಕಾರಿಯೆಲ್ಲ ಚೀಲದಲ್ಲೇ ವಾಪಸ್ಸು ಹೋಯಿತು, ಒಲೆ ಹತ್ತಲಿಲ್ಲ, ಮಂಟಪಕ್ಕೆ ಬೀಗ ಬಿತ್ತು. ಮರುದಿನ ಬೆಳಿಗ್ಗೆ ನೋಡುತ್ತೇನೆ, ನನ್ನ ಪ್ರಕಟಣೆಯ ಕೆಳಗೆ ನೊಂದ ಅತಿಥಿಗಳು ಪ್ರತ್ಯಕ್ಷರಾಗಿದ್ದರು: 'ನಿನ್ನೆಯ ಆರತಕ್ಷತೆ ಊಟದಲ್ಲಿ ಸಾರು ಉಪ್ಪೋ ಉಪ್ಪು. ಹೋಳಿಗೆ ಚಪ್ಪಲಿಯಂತಿತ್ತು.'

ಪಾರಾಯಣದ ಹೊತ್ತಿಗೆ ಪತ್ತೇದಾರನ ಗಾಂಭೀರ್ಯದಿಂದ ಓದಿ, ಲ್ಯಾಪ್‌ಟಾಪು ಮುಚ್ಚಿದೆ. "ಯಜಮಾನ್ರೇ, ನಿನ್ನೆ ಇಲ್ಲಿ ಊಟ ಎಲ್ಲಿತ್ತು?"

ಯಜಮಾನರು ಒಂದು ಗುಟುಕು ಕಾಫಿ ಕುಡಿದು ಪಕ್ಕದಲ್ಲಿದ್ದ ಸೋದರಳಿಯನ ಕಡೆ ತಿರುಗಿದರು. "ನೀನೇನ್ಲಾ ಬರ್ದಿದ್ದು?"

"ಬ್ಲಾಗ್ ಓಡ್ಬೇಕಲ್ವಾ ಮಾಮ" ಎಂದ ಆತ. "ಮೊದ್ಲು ಒಂದಷ್ಟು ಮಾತ್ರ ನಾನು ಹಾಕಿದ್ದು. ಆಮೇಲೆ ಜನಾನೇ ಶುರು ಹಚ್ಕೊಂಡ್ರು. ಮಧ್ಯೆ ತಣ್ಣಗಾದ್ರೆ ಬುಕ್ಕಿಂಗ್ ಪುಸ್ತಕ ನೋಡ್ಕೊಂಡು ಒಂದು ಹಾಕ್ತಿದ್ದೆ. ಇದು ನಿಂತೋಗಿದ್ದು ಗೊತ್ತಾಗ್ಲಿಲ್ಲ."

ಈಗ ಗುಡುಗುತ್ತಾರೆ ಎಂದು ನಾನು ಕಾದೆ. ಯಜಮಾನರು ಲೋಟ ಕೆಳಗಿಟ್ಟರು. "ಅಲ್ಲಾ ಮೇಷ್ಟ್ರೇ, ಮಾಡಿದ್ರೆ ಇಂಗೇ ತಾನೇ ಮಾಡ್ತಿದ್ದಿದ್ದು? ಭಟ್ರೇ, ನೀವೇ ಯೋಳಿ."

ಭಟ್ಟರು ಪಾಣಿಪಂಚೆಯಿಂದ ಕೈ ಒರೆಸಿಕೊಂಡರು. "ಉಪ್ಪು ಒಂಚೂರು ಮುಂದಾಗಿರ್ಬೇಕು ಯಜಮಾನ್ರೇ. ಇನ್ಮೇಲೆ ನೋಡ್ಕೋತೀನಿ."

"ಭಟ್ರೇ! ನೀವು ನಿನ್ನೆ ಅಡುಗೇನೇ ಮಾಡಿಲ್ಲ!" ಎಂದೆ ನಾನು.

"ಹೌದಲ್ವಾ" ಎಂದರು. ಸ್ವಲ್ಪ ಯೋಚಿಸಿದರು. "ಆದ್ರೂ ಹೋಳಿಗೆ ಕಣಕ ಬೆಳಿಗ್ಗೇನೇ ನಾದಿಟ್ಟಿದ್ದೆ ಸ್ವಾಮಿ. ಅದು ಗಟ್ಟಿನೇ ಆಗಿತ್ತು."

"ನೋಡಿ ಮತ್ತೆ" ಎಂದರು ಯಜಮಾನರು. ವಿಚಾರಣೆ ಮುಗಿಯಿತು. ಕಾಮೆಂಟು ಅಳಿಸಲಿಲ್ಲ, ಅಳಿಸಿದರೆ ಜನ ಅನುಮಾನ ಪಡುತ್ತಾರಂತೆ.

ಆರ್.ಟಿ. ನಗರಕ್ಕೆ ನಾನೇ ಫೋನು ಮಾಡಿ ಬೀಗರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಬರ್ದಿದ್ದು ಯಾರೇ ಆಗ್ಲಿ ಸ್ವಾಮಿ, ಛೀಮಾರಿ ಹಾಕಿದ್ದೀವಿ ಅಂತ ನೀವೇ ಪ್ರತಿ ಸಲ ಬರ್ದಿದ್ದೀರಲ್ಲ. ತಪ್ಪಿಲ್ದೆ ಹಾಕ್ತಾರಾ?" ಎಂದರು. ನನ್ನ ಗದ್ಯದ ಮೇಲೆ ಅದುವರೆಗೆ ಯಾರೂ ಅಷ್ಟು ವಿಶ್ವಾಸ ಇಟ್ಟಿರಲಿಲ್ಲ.

ಮದುವೆಯಾಯಿತು. ವರಪೂಜೆಯ ದಿನ ಬೇರೆ ಅಡುಗೆಯವರು ಬಂದು ಒಲೆ ಹೊತ್ತಿಸಿದರು. ಭಟ್ಟರು ರೇಷ್ಮೆ ಪಂಚೆ ಉಟ್ಟು, ಸ್ವಂತ ಅಡುಗೆಮನೆಯ ಬಾಗಿಲಲ್ಲಿ ನೆಂಟರಂತೆ ನಿಂತಿದ್ದರು. ಒಳಗಿನಿಂದ ಯಾರೋ "ದಾರಿ ಬಿಡಿ ಸ್ವಾಮಿ" ಎಂದಾಗ ಪಕ್ಕಕ್ಕೆ ಸರಿದರು. ಮಾರನೆಯ ದಿನ ಧಾರೆ ಎರೆದು ಮುಗಿದಮೇಲೆ ಹೆಣ್ಣಿನ ತಂದೆ ಪಂಕ್ತಿಯುದ್ದಕ್ಕೂ ಕೈಮುಗಿದು ಹೋಗಬೇಕಲ್ಲ, ಹೋದರು. "ಸಾವಕಾಶವಾಗಿ ಊಟ ಮಾಡ್ಬೇಕು" ಎಂದು ಪ್ರತಿ ಎಲೆಯ ಮುಂದೆಯೂ ಬಾಗಿದರು. ಬಾಗಿದಾಗಲೆಲ್ಲ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಿದ್ದರು: "ಉಪ್ಪು ಸರಿಯಾಗಿದೆಯಾ?"

ಬೀಗರು ಸಾರನ್ನ ಕಲಸುತ್ತಿದ್ದರು. ತಲೆಯೆತ್ತಿ, ತುಂಬು ಪ್ರೀತಿಯಿಂದ, ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. "ಬಹಳ ಚೆನ್ನಾಗಿದೆ ಬೀಗ್ರೇ. ನೀವು ಮಾಡಿಲ್ವಲ್ಲ!"

ಪಂಕ್ತಿ ನಕ್ಕಿತು. ಭಟ್ಟರೂ ನಕ್ಕರು. ಮುಗಿದ ಕೈ ಬಿಡದೆ ಮುಂದಿನ ಎಲೆಗೆ ಹೋದರು.